ಎರಡು ದಿನದಲ್ಲಿ ಗಾರ್ಡ್ ಲೈಸೆನ್ಸ್? ದುಡ್ಡು ಜೇಬಲ್ಲೇ ಇರಲಿ

ಸೆಕ್ಯೂರಿಟಿ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳಿಗೆ ತರಬೇತುದಾರರ ಉತ್ತರ

ಪ್ರಶ್ನೆ: ಪಿಯುಸಿ ಆಗಿದೆ. ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಬೇಕು. ಒಬ್ಬರು 8,000 ರೂಪಾಯಿ ಕೊಟ್ಟರೆ ಎರಡೇ ದಿನದಲ್ಲಿ 'ಪಸಾರಾ ಗಾರ್ಡ್ ಲೈಸೆನ್ಸ್' ಮಾಡಿಸಿಕೊಡುತ್ತೇನೆ ಅಂತಿದ್ದಾರೆ. ಕೊಡಲಾ ಸರ್?

ಉತ್ತರ: ಬೇಡ. ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಊರು ಬೇರೆ, ರೇಟು ಬೇರೆ, ಕತೆ ಒಂದೇ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಬಂದೂಕಿಲ್ಲದ ಗಾರ್ಡ್‌ಗೆ ಅಂತ ನಮ್ಮಲ್ಲಿ ಲೈಸೆನ್ಸೇ ಇಲ್ಲ. ಎಲ್ಲರೂ ಪಸಾರಾ ಅನ್ನುವುದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಗೆ. ಅದರ ಪ್ರಕಾರ ಲೈಸೆನ್ಸ್ ತೆಗೆದುಕೊಳ್ಳಬೇಕಾದ್ದು ಏಜೆನ್ಸಿ. ಒಂದು ಜಿಲ್ಲೆಗೆ ಶುಲ್ಕ 5,000 ರೂಪಾಯಿ, ಐದು ಜಿಲ್ಲೆವರೆಗೆ 10,000, ಇಡೀ ರಾಜ್ಯಕ್ಕೆ 25,000. ಕಂಪನಿಯೊಂದು ಇಡೀ ಜಿಲ್ಲೆಗೆ ಕಟ್ಟುವುದಕ್ಕಿಂತ ಜಾಸ್ತಿ ದುಡ್ಡನ್ನು ಈ ಪುಣ್ಯಾತ್ಮ ನಿಮ್ಮೊಬ್ಬರಿಂದಲೇ ಕೇಳುತ್ತಿದ್ದಾನೆ!

ನಿಮಗೆ ಬೇಕಾದ್ದು ತರಬೇತಿ. ನಿಯಮದಲ್ಲಿ 100 ಗಂಟೆ ತರಗತಿ, 60 ಗಂಟೆ ಫೀಲ್ಡ್, ಕಡಿಮೆ ಅಂದರೂ 20 ಕೆಲಸದ ದಿನ ಅಂತ ಸ್ಪಷ್ಟವಾಗಿದೆ. ಎರಡು ದಿನ ನಿದ್ದೆಗೆಟ್ಟು ಕೂತರೂ 48 ಗಂಟೆ ದಾಟಲ್ಲ, ಅಲ್ವಾ? ಹಾಗಾದರೆ ಆ ಸರ್ಟಿಫಿಕೇಟ್ ಎಂಥದ್ದು ಅಂತ ನೀವೇ ಹೇಳಿ. ಅದು ನಕಲಿ ಅಂತ ಗೊತ್ತಾದ ದಿನ ಮಾರಿದವನ ಫೋನ್ ಸ್ವಿಚ್ ಆಫ್ ಇರುತ್ತದೆ. ಸಿಕ್ಕಿಹಾಕಿಕೊಳ್ಳುವವರು ನೀವು.

"ಗೇಟ್ ತೆಗೆದು ಹಾಕೋಕೆ 20 ದಿನ ಏನು ಕಲಿಯೋದು ಸರ್?" ಅಂತಲೂ ಕೇಳುತ್ತಾರೆ. ಇಂಥದ್ದೇ ಸರ್ಟಿಫಿಕೇಟ್ ತಂದಿದ್ದ ಹುಡುಗನ ಕೈಗೆ ಬೆಂಕಿ ಆರಿಸುವ ಸಿಲಿಂಡರ್ ಕೊಟ್ಟೆ. ಪಿನ್ ತೆಗೆಯದೆ ಹಿಡಿಕೆ ಒತ್ತುತ್ತಲೇ ಇದ್ದ. ಕೊನೆಗೆ ಪಿನ್ ತೋರಿಸಿದೆ. ಕಿತ್ತವನೇ ಪೈಪನ್ನು ಜ್ವಾಲೆಯ ತುದಿಗೆ ಹಿಡಿದ. ಹಿಡಿಯಬೇಕಾದ್ದು ಬೆಂಕಿಯ ಬುಡಕ್ಕೆ. ಸಣ್ಣ ಸಿಲಿಂಡರ್ ಖಾಲಿಯಾಗೋಕೆ ಎಷ್ಟು ಹೊತ್ತು ಬೇಕು? ಬೆಂಕಿ ಹಾಗೇ ಇತ್ತು.

ಪ್ರಥಮ ಚಿಕಿತ್ಸೆ, ಜನಜಂಗುಳಿ ನಿಭಾಯಿಸುವುದು, ಗುರುತಿನ ಚೀಟಿ ಪರೀಕ್ಷಿಸುವುದು, ಎಫ್‌ಐಆರ್ ದಾಖಲಿಸುವ ಕ್ರಮ ಎಲ್ಲ ಪಾಠದಲ್ಲಿವೆ. ಇಂಗ್ಲಿಷ್ ಮಾತಾಡಲು ಬರದಿದ್ದರೆ ಚಿಂತೆಯಿಲ್ಲ. ಅಕ್ಷರ, ಅಂಕಿ ಓದಲು ಬರಲೇಬೇಕು. ರಿಜಿಸ್ಟರ್‌ನಲ್ಲಿ ಗಾಡಿ ನಂಬರ್ ತಪ್ಪು ಬರೆದಿದ್ದರೆ, ಕಳ್ಳತನವಾದ ಮಾರನೇ ದಿನ ಆ ಪುಟ ಪೊಲೀಸರ ಯಾವ ಉಪಯೋಗಕ್ಕೂ ಬರಲ್ಲ.

ಈ ತರಬೇತಿ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಕಾಯ್ದೆ ಏಜೆನ್ಸಿ ಮೇಲೆ ಹಾಕಿದೆ. ಆದ್ದರಿಂದ ಬ್ರೋಕರ್ ಹತ್ತಿರ ಹೋಗಬೇಡಿ, ನೇರ ಏಜೆನ್ಸಿ ಆಫೀಸಿಗೇ ಹೋಗಿ. ಒಳಗೆ ಕಾಲಿಟ್ಟ ತಕ್ಷಣ ಗೋಡೆ ನೋಡಿ. ಲೈಸೆನ್ಸನ್ನು ಎದ್ದು ಕಾಣುವಂತೆ ಹಾಕಿರಬೇಕು, ಅದು ಕಾನೂನು. ಅವಧಿ ಮುಗಿದಿದೆಯಾ ಅಂತ ತಾರೀಕು ಓದಿ. ಲೈಸೆನ್ಸ್ ಇರುವುದು ಐದು ವರ್ಷಕ್ಕೆ. "ರಿನ್ಯೂವಲ್‌ಗೆ ಕೊಟ್ಟಿದ್ದೀವಿ" ಅಂದರೆ ಅರ್ಜಿ ಕೊಟ್ಟ ದಾಖಲೆ ಕೇಳಿ. ಗೊಣಗಿದರೆ ಎದ್ದು ಬನ್ನಿ. ನಾನಾಗಿದ್ದರೆ ಚಹಾಕ್ಕೂ ಕಾಯುತ್ತಿರಲಿಲ್ಲ.

ಸೇರಿದ ಮೇಲೆ ಏಜೆನ್ಸಿ ಫೋಟೋ ಇರುವ ಗುರುತಿನ ಚೀಟಿ ಕೊಡುತ್ತದೆ. ಅದನ್ನೇ ಲೈಸೆನ್ಸ್ ಅಂದುಕೊಂಡವರು ಬೇಕಾದಷ್ಟು ಜನ. ಕೆಲಸ ಬಿಟ್ಟಾಗ ವಾಪಸ್ ಕೊಡಬೇಕಾದ ಚೀಟಿ ಅದು. ತರಬೇತಿಯ ಸರ್ಟಿಫಿಕೇಟ್ ಮಾತ್ರ ನಿಮ್ಮದು, ಜೋಪಾನ ಮಾಡಿ. ಪೊಲೀಸ್ ವೆರಿಫಿಕೇಶನ್ ಹೇಗೂ ಆಗುತ್ತದೆ. ಹಳೇ ಕೇಸಲ್ಲಿ ಶಿಕ್ಷೆಯಾಗಿದ್ದರೆ ಮುಚ್ಚಿಡಬೇಡಿ, ಮುಚ್ಚಿಡಲೂ ಆಗಲ್ಲ.

ಪ್ರಶ್ನೆ: ನಾನು ಮಾಜಿ ಸೈನಿಕ. ನನಗೂ ತರಬೇತಿ ಬೇಕಾ?

ಉತ್ತರ: ಬೇಕು, ಆದರೆ ಚಿಕ್ಕದು. 40 ಗಂಟೆ ತರಗತಿ, 16 ಗಂಟೆ ಫೀಲ್ಡ್, ಏಳು ದಿನ. ಅಪಾರ್ಟ್‌ಮೆಂಟ್ ಗೇಟು ಗಡಿ ಪೋಸ್ಟ್ ಅಲ್ಲ, ದಯವಿಟ್ಟು ಬನ್ನಿ.

ಪ್ರಶ್ನೆ: ಮಾಲ್‌ನಲ್ಲಿ ಕದ್ದವನನ್ನು ನಾವೇ ಕೂಡಿಹಾಕಿ ಎರಡೇಟು ಕೊಟ್ಟು ಬಾಯಿ ಬಿಡಿಸಬಹುದೇ?

ಉತ್ತರ: ಏಟು ಕೊಟ್ಟರೆ ಕೇಸು ನಿಮ್ಮ ಮೇಲೆ. ಸಾಮಾನ್ಯ ಪ್ರಜೆಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿನ ಅಧಿಕಾರ ಗಾರ್ಡ್‌ಗೆ ಇಲ್ಲ. ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ನಿಮ್ಮ ಕಣ್ಣೆದುರೇ ನಡೆದರೆ ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಓದಿ. ಬಾಯಿ ಬಿಡಿಸುವುದು ನಿಮ್ಮ ಕೆಲಸವಲ್ಲ.

ಪ್ರಶ್ನೆ: ಪೊಲೀಸರ ಥರ ಕಾಣುವ ಯೂನಿಫಾರ್ಮ್ ಹಾಕಿದರೆ ಜನ ಹೆದರುತ್ತಾರಲ್ಲ?

ಉತ್ತರ: ಒಂದು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆದರಬೇಕಾದ್ದು ನೀವು.

ಪ್ರಶ್ನೆ: ನನ್ನ ಎತ್ತರ 158 ಸೆಂ.ಮೀ. ಶೂ ಒಳಗೆ ದಪ್ಪ ಅಟ್ಟೆ ಇಟ್ಟರೆ ನಡೆಯುತ್ತಾ?

ಉತ್ತರ: ಗಂಡಸರಿಗೆ 160, ಹೆಂಗಸರಿಗೆ 150. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು ಅಂತಲೂ ಇದೆ. ಮತ್ತೆ, ಅಳೆಯುವಾಗ ಶೂ ಬಿಚ್ಚಿಸುತ್ತಾರೆ.