ಪ್ರತಿಕ್ರಿಯೆ: ನೆದರ್‌ಲ್ಯಾಂಡ್ಸ್‌ಗೆ ಕಳಿಸಿದ ಕೋಕೋಪೀಟ್, ಇಸಿ ಇಲ್ಲಿ 0.4, ಅಲ್ಲಿ 1.4

ನೀವು ಕಳಿಸಿದ ಕೋಕೋಪೀಟ್ (ಗಿಡ ಬೆಳೆಸಲು ಬಳಸುವ ತೆಂಗಿನ ನಾರಿನ ಪುಡಿ) ಇಲ್ಲಿ ಅಳೆದಾಗ ಇಸಿ 0.4 ಇದ್ದದ್ದು ಅಲ್ಲಿ 1.4 ಯಾಕೆ ಬಂತು ಎಂದು ಕೇಳಿದ್ದೀರಿ. ಇಸಿ ಅಂದರೆ ನೀರು ವಿದ್ಯುತ್ ಹರಿಸುವ ಪ್ರಮಾಣ, ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ. ಮಾಲು ಕೆಟ್ಟಿರುವುದಕ್ಕಿಂತ ಅಳೆದ ರೀತಿ ಬೇರೆ ಇರುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಹಲವರು ಒಂದು ಪಾಲು ಪುಡಿಗೆ ಐದು ಪಾಲು ನೀರು ಹಾಕುತ್ತಾರೆ. ಡಚ್ಚರದು, ಅಂದರೆ ನೆದರ್‌ಲ್ಯಾಂಡ್ಸ್‌ನವರದು, ಒಂದಕ್ಕೆ ಒಂದೂವರೆ. ನೀರು ಕಡಿಮೆ ಇದ್ದರೆ ಇಸಿ ಏರುತ್ತದೆ, ಅಲ್ವಾ?

ಮೊದಲು ಎರಡೂ ರಿಪೋರ್ಟ್‌ಗಳಲ್ಲಿ ಅನುಪಾತ ನೋಡಿ. ಆಮೇಲೆ ಅದೇ ಲಾಟಿನ ನಾಲ್ಕೈದು ಬ್ಲಾಕ್‌ಗಳಿಂದ ಪುಡಿ ತೆಗೆದು ನೀವೇ ಅಳೆಯಿರಿ. ಡಿಸ್ಟಿಲ್ಡ್ ನೀರಲ್ಲಿ ನೆನೆಸಿ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿನಲ್ಲಿ ನೀರು ಜಿನುಗಬೇಕು, ಸುರಿಯಬಾರದು. ಈ ಒದ್ದೆ ಪುಡಿಯ ಒಂದು ಪಾಲಿಗೆ ಒಂದೂವರೆ ಪಾಲು ಅದೇ ಡಿಸ್ಟಿಲ್ಡ್ ನೀರು ಸೇರಿಸಿ, ಕಲಕಿ, ಸೋಸಿ, ಆ ನೀರಿಗೆ ಇಸಿ ಮೀಟರ್ ಇಡಿ.

ಆಗಲೂ 1ರ ಮೇಲೆ ಬಂದರೆ ಉಪ್ಪು ನಿಜವಾಗಿಯೂ ಉಳಿದಿದೆ. ತೊಳೆಯುವ ಬೋರ್‌ವೆಲ್ ನೀರಿನ ಇಸಿ ನೋಡಿ, ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ. ಸುಮ್ನೆ ತೊಳೆದರೆ ಪುಡಿಗೆ ಅಂಟಿದ ಸೋಡಿಯಂ, ಪೊಟ್ಯಾಷಿಯಂ ಪೂರ್ತಿ ಬಿಡುವುದಿಲ್ಲ. ಅವನ್ನು ಕ್ಯಾಲ್ಸಿಯಂ ಬಿಡಿಸುತ್ತದೆ, ಹಾಗಾಗಿ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಮತ್ತೆ ಸಿಹಿನೀರಲ್ಲಿ ತೊಳೆಯಿರಿ.

ಅಲ್ಲಿಗೆ ಹೋದ ಕಂಟೇನರ್ ವಾಪಸ್ ತರಿಸಬೇಡಿ, ಬಾಡಿಗೆಯೇ ನುಂಗಿಬಿಡುತ್ತದೆ. ಕೊಂಡವರೇ ತೊಳೆದುಕೊಳ್ಳುತ್ತಾರಾ ಕೇಳಿ, ಆ ಖರ್ಚನ್ನು ಬಿಲ್ಲಿನಲ್ಲಿ ಕಳೆಯಿರಿ. ಮುಂದಿನ ಆರ್ಡರ್‌ನಲ್ಲಿ ಇಸಿ ಜೊತೆಗೆ ಅಳೆಯುವ ಅನುಪಾತವನ್ನೂ ಬರೆಸಿಕೊಳ್ಳಿ.