ಎಲ್, ಎನ್ಲಿಲ್, ಯಾಹ್, ಈಯಾ: ಹೆಸರು ಹೋಲಿದರೆ ಸಾಕಾ?

ಪ್ರಶ್ನೆ: ಹೀಬ್ರೂ ಬೈಬಲ್‌ನ ದೇವರ ಹೆಸರುಗಳೆಲ್ಲ ಹಳೇ ಇರಾಕಿನ ಸುಮೇರಿಯಾದಿಂದ ಬಂದವಂತೆ. ‘ಎಲ್’ ಅಂದರೆ ಅಲ್ಲಿನ ದೇವರು ಎನ್ಲಿಲ್, ‘ಯಾಹ್’ ಅಂದರೆ ಅಲ್ಲಿನದೇ ಇನ್ನೊಬ್ಬ ದೇವರು ಈಯಾ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಮನೆಯಲ್ಲಿ ಊಟದ ಹೊತ್ತಿಗೆ ಇದೇ ವಾದ. ನಿಜವಾ ಸರ್?
– ಓದುಗರೊಬ್ಬರು, ಶಿರಸಿ

ಉತ್ತರ: ‘ಇಲ್ಲ’ ಅಂದವರ ಕಡೆ ನಾನು, ಮುಕ್ಕಾಲು ಪಾಲು. ನಿಮ್ಮ ಪಕ್ಕದ ಸೋಂದೆಯನ್ನೇ ತಗೊಳ್ಳಿ. ಇಂಡೋನೇಷ್ಯಾದಲ್ಲಿ ಸುಂದಾ ದ್ವೀಪಗಳಿವೆ ಅಂತ ಸೋಂದೆ ಅರಸರು ಅಲ್ಲಿಂದ ಹಡಗು ಹತ್ತಿ ಬಂದವರು ಅಂದರೆ ಒಪ್ತೀರಾ?

‘ಎಲ್’ ಹೀಬ್ರೂ, ಅರಬ್ಬಿ ಸೇರಿರುವ ಸೆಮಿಟಿಕ್ ಭಾಷೆಗಳ ಸ್ವಂತ ಪದ. ಬಾಬಿಲೋನಿನವರು ದೇವರಿಗೆ ‘ಇಲು’ ಅನ್ನುತ್ತಿದ್ದರು. ಸುಮೇರಿಯನ್ನರು ‘ದಿಂಗಿರ್’ ಅನ್ನುತ್ತಿದ್ದರು, ಅವರ ಭಾಷೆಗೆ ನೆಂಟರೇ ಇಲ್ಲ. ಎನ್ಲಿಲ್‌ನಲ್ಲಿ ‘ಎನ್’ ಅಂದರೆ ಒಡೆಯ, ‘ಲಿಲ್’ ಅಂದರೆ ಗಾಳಿ. ಹೀಬ್ರೂ ಎಲ್‌ನ ಬಳಗ ಬೇಕಿದ್ದರೆ ಸಿರಿಯಾದ ಉಗರಿತ್‌ಗೆ ಹೋಗಬೇಕು. 1929ರಲ್ಲಿ ಅಲ್ಲಿ ಅಗೆತ ಶುರುವಾಯಿತು. ಸಿಕ್ಕ ಮಣ್ಣಿನ ಫಲಕಗಳಲ್ಲಿ ಎಲ್ ಅನ್ನುವವನು ದೇವರುಗಳ ಹಿರಿಯ, ನರೆಗಡ್ಡದ ಯಜಮಾನ.

ಯಾಹ್ ಅಂದರೆ ಬೈಬಲ್ ದೇವರ ಹೆಸರಾದ ಯಾಹ್ವೆಯ ಮೊಟಕು ರೂಪ, ‘ಹಲ್ಲೆಲೂಯಾ’ದ ಕೊನೆಯಲ್ಲಿ ಇರುವುದು ಅದೇ. ಈಯಾ ಇರಾಕಿನ ದಕ್ಷಿಣದ ಎರಿದು ಊರಿನ ಸಿಹಿನೀರಿನ ದೇವರು. ಯಾಹ್ವೆ ಮಾತ್ರ ಬೈಬಲ್‌ನ ಹಳೆಯ ಹಾಡುಗಳಲ್ಲಿ ಇಸ್ರೇಲಿನ ದಕ್ಷಿಣಕ್ಕಿದ್ದ ಎದೋಮಿನ ಒಣ ಸೀಮೆಯ ಕಡೆಯಿಂದ ಬರುತ್ತಾನೆ. ಕ್ರಿ.ಪೂ. 14ನೇ ಶತಮಾನದ ಈಜಿಪ್ಟ್ ಶಾಸನವೊಂದರಲ್ಲೂ ‘ಶಾಸು’ ಅನ್ನುವ ಅಲೆಮಾರಿಗಳ ನಾಡಿನ ಹೆಸರಾಗಿ ಇಂಥದ್ದೇ ಪದ ಸಿಗುತ್ತದೆ. ಎರಿದು ಎಲ್ಲಿ, ಎದೋಮ್ ಎಲ್ಲಿ!

ಉಳಿದ ಕಾಲು ಪಾಲಿಗೆ ಬರೋಣ. ಬೈಬಲ್ ದೇವರ ‘ಎಲ್ ಶದ್ದೈ’ ಅನ್ನುವ ಹೆಸರನ್ನು ಸುಮ್ನೆ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಬಾಬಿಲೋನಿನವರ ಅಕ್ಕಾಡಿಯನ್ ಭಾಷೆಯಲ್ಲಿ ‘ಶದು’ ಅಂದರೆ ಬೆಟ್ಟ, ಎನ್ಲಿಲ್‌ಗೆ ‘ದೊಡ್ಡ ಬೆಟ್ಟ’ ಅನ್ನುವ ಬಿರುದಿತ್ತು, ನಿಪ್ಪೂರಿನ ಅವನ ಗುಡಿಯ ಹೆಸರೇ ‘ಬೆಟ್ಟದ ಮನೆ’. ‘ಶದ್ದೈ’ ಈ ‘ಶದು’ವಿನಿಂದಲೇ ಬಂತಾ ಅಂತ ಪಂಡಿತರಲ್ಲಿ ಇನ್ನೂ ಒಮ್ಮತ ಇಲ್ಲ, ಆದರೆ ವಿಡಿಯೊದವರು ಇದನ್ನು ಬಿಟ್ಟು ಎಲ್-ಎನ್ಲಿಲ್ ಹಿಡಿದುಕೊಂಡಿದ್ದಾರೆ ನೋಡಿ.

ನಿಜವಾದ ನಂಟು ಇರುವುದು ಪ್ರಳಯದ ಕಥೆಯಲ್ಲಿ. ಬಾಬಿಲೋನಿನವರ ಕಥೆಯಲ್ಲಿ ಮನುಷ್ಯರ ಗದ್ದಲಕ್ಕೆ ನಿದ್ದೆಗೆಟ್ಟ ಎನ್ಲಿಲ್ ಎಲ್ಲರನ್ನೂ ಮುಳುಗಿಸೋಣ ಅನ್ನುತ್ತಾನೆ. ಯಾರಿಗೂ ಹೇಳಬಾರದು ಅಂತ ದೇವರುಗಳೆಲ್ಲ ಆಣೆ ಹಾಕುತ್ತಾರೆ. ಈಯಾ ಜಾಣ. ಮನುಷ್ಯನಿಗೆ ಹೇಳುವುದಿಲ್ಲ, ಅವನ ಮನೆಯ ಜೊಂಡಿನ ಗೋಡೆಗೆ ಹೇಳುತ್ತಾನೆ: ಗೋಡೆಯೇ ಕೇಳು, ಮನೆ ಕೆಡವು, ದೋಣಿ ಕಟ್ಟು. ಆಚೆ ಇದ್ದವನಿಗೆ ಕೇಳಿಸಿತು, ಆಣೆಯೂ ಮುರಿಯಲಿಲ್ಲ! ನೀರು ಇಳಿದ ಮೇಲೆ ಆ ಮನುಷ್ಯ ಹಕ್ಕಿ ಬಿಡುತ್ತಾನೆ, ಪಾರಿವಾಳ, ಕಾಗೆ ಎಲ್ಲ. ಬಲಿಯ ಪರಿಮಳಕ್ಕೆ ಹಸಿದ ದೇವರುಗಳು ನೊಣಗಳ ಹಾಗೆ ಮುತ್ತುತ್ತಾರೆ.

ಬೈಬಲ್‌ನ ನೋಹನ ಪ್ರಳಯದ ಕಥೆಯಲ್ಲೂ ಕಾಗೆ, ಪಾರಿವಾಳ, ಪರಿಮಳ ಇವೆ. ಆದರೆ ದೇವರು ಒಬ್ಬನೇ. ಹಾಗಾಗಿ ಮುಳುಗಿಸುವ ಎನ್ಲಿಲ್‌ನ ಕೆಲಸ, ಉಳಿಸುವ ಈಯಾನ ಕೆಲಸ ಎರಡೂ ಅವನ ತಲೆಗೇ ಬಂದವು. ‘ಎಲ್ಲ ಅಲ್ಲಿಂದ ಕದ್ದಿದ್ದು’ ಅನ್ನುವುದಕ್ಕಿಂತ ಇದು ಜಾಸ್ತಿ ಸ್ವಾರಸ್ಯ ಅಲ್ವಾ?

ಸುಮೇರಿಯನ್ ದೇವರ ಹೆಸರೇ ಬೇಕು ಅಂತ ಮನೆಯಲ್ಲಿ ಹಠ ಹಿಡಿದರೆ ಬೈಬಲ್‌ನಲ್ಲಿ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 8ನೇ ಅಧ್ಯಾಯ ತೋರಿಸಿ. ಜೆರುಸಲೇಮಿನ ಗುಡಿಯ ಬಾಗಿಲಲ್ಲೇ ಹೆಂಗಸರು ಕೂತು ತಮ್ಮೂಜ್‌ಗಾಗಿ ಅಳುತ್ತಿದ್ದಾರೆ, ಪ್ರವಾದಿಗೆ ಅದು ಅಸಹ್ಯ. ಆ ತಮ್ಮೂಜ್ ಬೇರೆ ಯಾರೂ ಅಲ್ಲ, ಸುಮೇರಿಯಾದ ಕುರಿಗಾಹಿ ದೇವರು ದುಮುಜಿ. ಯಹೂದಿ ಪಂಚಾಂಗದಲ್ಲಿ ಜೂನ್-ಜುಲೈ ಹೊತ್ತಿಗೆ ಬರುವ ತಿಂಗಳಿಗೆ ಇವತ್ತಿಗೂ ಅವನದ್ದೇ ಹೆಸರು.