ತುಮಕೂರಿನಲ್ಲಿರುವ ವಿದೇಶಿ ಪ್ರಜೆಗೆ ಆಶ್ರಯ ಕೊಡುವ ಹೊಣೆ ಯಾರದ್ದು: ಡಿಸಿಯದ್ದೋ, ರಾಜ್ಯ ಸರ್ಕಾರದ್ದೋ?

ಇಬ್ಬರದ್ದೂ ಅಲ್ಲ. ವಿದೇಶಿಯರನ್ನು ಒಳಗೆ ಬಿಡುವುದು, ಹೊರಗೆ ಕಳಿಸುವುದು ಸಂವಿಧಾನದ ಕೇಂದ್ರ ಪಟ್ಟಿಯ 19ನೇ ವಿಷಯ, ಅಂದರೆ ಕೇಂದ್ರ ಸರ್ಕಾರದ ಹೊಣೆ. ಸಂಸತ್ತಿನಲ್ಲಿ ಉತ್ತರ ಹೇಳಬೇಕಾದವರು ಕೇಂದ್ರ ಗೃಹ ಸಚಿವರು. ತುಮಕೂರಿನ ಎಸ್‌ಪಿ ಕಚೇರಿಯದ್ದು ನೋಂದಣಿ, ವಿಚಾರಣೆ, ವರದಿ ಅಷ್ಟೆ. ಡಿಸಿ ಕಚೇರಿಗೆ ಮನವಿ ಕೊಟ್ಟು ಕಾಯುತ್ತಾ ಕೂತರೆ ಅಷ್ಟರಲ್ಲಿ ವೀಸಾ ಅವಧಿ ಮುಗಿಯಬಹುದು. ಆಮೇಲೆ ಉಳಿಯುವುದೇ ಅಪರಾಧ.

ನಿಜವಾದ ತೊಡಕು ಬೇರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆಶ್ರಯಕ್ಕೆಂದೇ ಕಾನೂನೂ ಇಲ್ಲ. ಟಿಬೆಟ್, ಶ್ರೀಲಂಕಾದವರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್‌ನವರ ಅರ್ಜಿ ಪರಿಶೀಲಿಸುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ (ಯುಎನ್‌ಎಚ್‌ಸಿಆರ್) ದೆಹಲಿ ಕಚೇರಿ. ಅಲ್ಲಿ ಸಿಗುವ ನಿರಾಶ್ರಿತರ ಕಾರ್ಡ್ ವೀಸಾ ಅಲ್ಲ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಜೀವಕ್ಕೆ ಅಪಾಯವಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ: ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ವಿದೇಶಿಯರಿಗೂ ಅನ್ವಯಿಸುತ್ತದೆ. ರಾಜಕೀಯವಾಗಿ ಕೇಳುವುದಿದ್ದರೆ ಶಾಸಕರನ್ನಲ್ಲ, ಸಂಸದರನ್ನು ಹಿಡಿಯಿರಿ.